ತುಮಕೂರಲ್ಲಿ ಒಳ್ಳೆ ಆಪ್ಟೊಮೆಟ್ರಿಸ್ಟ್ ಹುಡುಕೋದು ಹೇಗೆ? ಇನ್ಶೂರೆನ್ಸ್ ನಡೆಯುತ್ತಾ ಅಂತ ಮೊದಲೇ ತಿಳಿಯೋದು ಹೇಗೆ?

ಎಸ್‌ಎಸ್‌ಪುರಂ_ಹೊಸಬ
ನಮಸ್ಕಾರ. ಬೆಂಗಳೂರು ಬಿಟ್ಟು ತುಮಕೂರಿಗೆ ಬಂದು ಸ್ವಲ್ಪ ಸಮಯ ಆಯಿತು. ಕೆಲಸ ವಸಂತನರಸಾಪುರದಲ್ಲಿ, ಇಡೀ ದಿನ ಕಂಪ್ಯೂಟರ್ ಮುಂದೆ. ಇತ್ತೀಚೆಗೆ ಸಂಜೆ ಆಗುತ್ತಿದ್ದಂತೆ ಹಣೆ ಹಿಡಿದುಕೊಳ್ಳುತ್ತದೆ. ರಾತ್ರಿ ಹೈವೇಲಿ ಎದುರು ಗಾಡಿಯ ಲೈಟ್ ಚೆದುರಿದಂತೆ ಕಾಣುತ್ತದೆ. ಕನ್ನಡಕದ ನಂಬರ್ ಬದಲಾಗಿದೆ ಅನ್ನಿಸುತ್ತದೆ. ಜೊತೆಗೆ ಅಮ್ಮನಿಗೆ 67 ವರ್ಷ, ಶುಗರ್ ಇದೆ. ಟಿವಿ ಅಕ್ಷರ ಮಂಜಾಗಿ ಕಾಣುತ್ತೆ ಅಂತಾರೆ.

ಕೇಳೋದು ಎರಡು. ಎಸ್.ಎಸ್. ಪುರಂ, ಬಟವಾಡಿ ಸುತ್ತಮುತ್ತ ನಿಧಾನವಾಗಿ ಕೂರಿಸಿ ಪರೀಕ್ಷೆ ಮಾಡುವ ಆಪ್ಟೊಮೆಟ್ರಿಸ್ಟ್ ಸಿಗ್ತಾರಾ? ಮತ್ತೆ, ಕಂಪನಿ ಕೊಟ್ಟ ಗ್ರೂಪ್ ಪಾಲಿಸಿ ಇದೆ, ಅದರಲ್ಲಿ ಅಮ್ಮನ ಹೆಸರೂ ಇದೆ. ಎಚ್‌ಆರ್ ಕೇಳಿದರೆ "ಕಾರ್ಡ್ ತೋರಿಸಿ, ಎಲ್ಲಾ ಕಡೆ ನಡೆಯುತ್ತೆ" ಅಂದರು. ಒಂದು ಕನ್ನಡಕದ ಅಂಗಡಿ ಮುಂದೆ "ಇನ್ಶೂರೆನ್ಸ್ ಸ್ವೀಕರಿಸಲಾಗುತ್ತದೆ" ಅಂತ ಬೋರ್ಡ್ ಇತ್ತು. ಒಳಗೆ ಹೋಗಿ ಕೇಳಿದರೆ "ಬಿಲ್ ಕೊಡ್ತೀವಿ ಸರ್, ನೀವೇ ಕ್ಲೇಮ್ ಮಾಡ್ಕೊಳ್ಳಿ" ಅಂದರು. ಇದಕ್ಕೆ ಸ್ವೀಕರಿಸೋದು ಅಂತಾರಾ?

ಬಟವಾಡಿ_ಬ್ರೋ
ಎಂ.ಜಿ. ರಸ್ತೆಯಲ್ಲಿ ಅಂಗಡಿ ಅಂಗಡಿಗೂ ಫ್ರೀ ಟೆಸ್ಟಿಂಗ್ ಇದೆ. ಯಾವುದಕ್ಕಾದರೂ ನುಗ್ಗಿ. ಇಷ್ಟಕ್ಕೆಲ್ಲ ಇನ್ಶೂರೆನ್ಸ್ ಯಾಕೆ ಗುರು?

ಶಿರಾಗೇಟ್_ಶಿಲ್ಪ
ಫ್ರೀ ಟೆಸ್ಟಿಂಗ್ ದುಡ್ಡು ಫ್ರೇಮ್ ರೇಟಲ್ಲಿ ಕೂತಿರುತ್ತೆ ಬ್ರೋ. ಟೆಸ್ಟ್ ಮಾಡಿಸಿ "ಚೀಟಿ ಕೊಡಿ, ಬೇರೆ ಕಡೆ ಗ್ಲಾಸ್ ಮಾಡಿಸ್ತೀನಿ" ಅಂದು ನೋಡಿ. ಮುಖ ಹೇಗಾಗುತ್ತೆ ಗೊತ್ತಾಗುತ್ತೆ.

ಗುಬ್ಬಿ_ಆಪ್ಟಮ್
ನಾನು ಇದೇ ಕೆಲಸ ಮಾಡುವವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಊರು ಗುಬ್ಬಿ, ಕೆಲಸ ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ. ಯಾವ ಅಂಗಡಿಯ ಹೆಸರನ್ನೂ ಹೇಳಲ್ಲ.

ಕಣ್ಣಿನ ವಿಷಯದಲ್ಲಿ ಮೂರು ಥರದ ಜನ ಸಿಗುತ್ತಾರೆ. ಎಂಬಿಬಿಎಸ್ ಮುಗಿಸಿ ಕಣ್ಣಿನ ಮೇಲೆ ಎಂಎಸ್, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು ಕಣ್ಣಿನ ಡಾಕ್ಟರ್. ಆಪರೇಷನ್, ಔಷಧಿ ಎಲ್ಲ ಅವರದು. ನಾಲ್ಕು ವರ್ಷದ ಬಿ.ಆಪ್ಟಮ್ ಓದಿದವರು ಆಪ್ಟೊಮೆಟ್ರಿಸ್ಟ್. ನಂಬರ್ ತೆಗೆಯೋದು, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸೋದು, ಕಣ್ಣಿನ ಒತ್ತಡ ನೋಡೋದು, ಅನುಮಾನ ಬಂದರೆ ಡಾಕ್ಟರ್ ಹತ್ತಿರ ಕಳಿಸೋದು ನಮ್ಮ ಕೆಲಸ. ಮೂರನೆಯವರು ಫ್ರೇಮಿಗೆ ಗ್ಲಾಸ್ ಕೂರಿಸಿ ಕೊಡುವ ಆಪ್ಟಿಶಿಯನ್. ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ಮೂರನೆಯವರೇ ಮೊದಲ ಇಬ್ಬರ ಕೆಲಸವನ್ನೂ ಮಾಡಿಬಿಡುತ್ತಾರೆ. ಅಲ್ಲೇ ತೊಂದರೆ. 2021ರಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಕ್ಷೇತ್ರದ ಇತರ ವೃತ್ತಿಗಳಿಗೆ ಒಂದು ಆಯೋಗದ ಕಾಯ್ದೆ ತಂದಿತು, ಆಪ್ಟೊಮೆಟ್ರಿ ಅದರಲ್ಲಿ ಸೇರಿದೆ. ಹಾಗಾಗಿ "ನೀವು ಏನು ಓದಿದ್ದೀರಿ?" ಅಂತ ಕೇಳೋದರಲ್ಲಿ ನಾಚಿಕೆ ಬೇಡ. ಓದಿದವರು ಖುಷಿಯಿಂದ ಹೇಳುತ್ತಾರೆ.

ಒಳ್ಳೆಯವರನ್ನು ಗುರುತಿಸೋಕೆ ಅವರು ಪರೀಕ್ಷೆ ಮಾಡೋದನ್ನು ನೋಡಿ. ಮೊದಲು ಹಳೇ ಕನ್ನಡಕ ಇಸಕೊಂಡು ಅದರ ನಂಬರ್ ಅಳೀತಾರಾ? ಶುಗರ್, ಬಿಪಿ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದೆಯಾ ಅಂತ ಕೇಳ್ತಾರಾ? ಒಂದೊಂದೇ ಕಣ್ಣು ಮುಚ್ಚಿ ಓದಿಸ್ತಾರಾ? ಬೋರ್ಡು 6 ಮೀಟರ್ ದೂರ ಇರಬೇಕು. ಜಾಗ ಇಲ್ಲದ ಕಡೆ 3 ಮೀಟರಿಗೆ ಕನ್ನಡಿ ಇಟ್ಟು ಸರಿಮಾಡ್ತಾರೆ. ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲಿನಲ್ಲಿ ಕೂರಿಸಿ ನಾಲ್ಕು ಹೆಜ್ಜೆ ದೂರದ ಬೋರ್ಡು ತೋರಿಸಿದರೆ ಎದ್ದು ಬನ್ನಿ.

ಹೊಸಬರೇ, ನಿಮಗೆ ಆಪ್ಟೊಮೆಟ್ರಿಸ್ಟ್ ಸಾಕು. ಅಮ್ಮನಿಗೆ ಸಾಕಾಗಲ್ಲ. ಶುಗರ್ ಇದ್ದು ಮಂಜು ಕಂಡರೆ ಪೊರೆಯೂ ಇರಬಹುದು, ರೆಟಿನಾ, ಅಂದರೆ ಕಣ್ಣಿನ ಒಳಪರದೆಯ ತೊಂದರೆಯೂ ಇರಬಹುದು. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಡಾಕ್ಟರೇ ನೋಡಬೇಕು.

ಬಟವಾಡಿ_ಬ್ರೋ
ಅಣ್ಣ, ಈಗ ಮಿಷನ್ ಮುಂದೆ ಗದ್ದ ಇಟ್ಟರೆ ಸಾಕು, ನಂಬರ್ ಪ್ರಿಂಟ್ ಆಗಿ ಬರುತ್ತೆ. ಬಿಸಿ ಗಾಳಿಯ ಬಲೂನು ಕಾಣುತ್ತಲ್ಲ, ಅದು. ಇದಕ್ಕೆ ನಾಲ್ಕು ವರ್ಷ ಯಾಕೆ ಓದಬೇಕು?

ಗುಬ್ಬಿ_ಆಪ್ಟಮ್
ಹಹ್ಹ. ಆ ಬಲೂನ್ ಮಿಷನ್ ಕೊಡೋದು ಅಂದಾಜು ಮಾತ್ರ. ಅಲ್ಲಿಂದ ಮುಂದೆ ಗ್ಲಾಸ್ ಬದಲಾಯಿಸುತ್ತಾ "ಇದು ಚೆನ್ನಾಗಿದೆಯಾ, ಅದಾ?" ಅಂತ ಕೇಳಿ ಕೇಳಿ ನಂಬರ್ ಮುಗಿಸಬೇಕು. ಅದರಲ್ಲೂ ಮಕ್ಕಳು ಹತ್ತಿರದ್ದು ನೋಡುವ ಹಾಗೆ ಕಣ್ಣು ಬಿಗಿ ಹಿಡಿದುಬಿಡ್ತಾರೆ, ಮಿಷನ್ ಮೈನಸ್ ಜಾಸ್ತಿ ತೋರಿಸುತ್ತೆ. ಆ ಪ್ರಿಂಟನ್ನೇ ನೋಡಿ ಗ್ಲಾಸ್ ಮಾಡಿದರೆ ಮಗುವಿಗೆ ಬೇಡದ ನಂಬರ್ ಬೀಳುತ್ತೆ.

ತಿಪಟೂರು_ಕೊಬ್ಬರಿ
ಇದು ನಿಜ. ನನ್ನ ತಂಗಿ ಮಗನಿಗೆ ಒಂದು ಅಂಗಡಿಯಲ್ಲಿ ಮೈನಸ್ 1.75 ಕೊಟ್ಟಿದ್ದರು. ಹುಡುಗ ಕನ್ನಡಕ ಹಾಕಿದರೆ ತಲೆ ಸುತ್ತುತ್ತೆ ಅಂತ ಬ್ಯಾಗಲ್ಲೇ ಇಟ್ಟುಕೊಂಡು ಓಡಾಡ್ತಿದ್ದ. ಡ್ರಾಪ್ಸ್ ಹಾಕಿ ನೋಡಿದಾಗ 0.75 ಬಂತು. ಮನೆಯವರು ಅವನು ಸುಳ್ಳು ಹೇಳ್ತಾನೆ ಅಂತ ಬೈದಿದ್ದೇ ಬಂತು.

ಡೆಸ್ಕ್_ಮೇಡಂ
ಇನ್ಶೂರೆನ್ಸ್ ಪ್ರಶ್ನೆಗೆ ನಾನು ಉತ್ತರ ಕೊಡ್ತೀನಿ. ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತಿದ್ದೆ, ಈಗ ಬಿಟ್ಟಿದ್ದೇನೆ. ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

"ಇನ್ಶೂರೆನ್ಸ್ ತಗೋತೀರಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. ಆ ಪ್ರಶ್ನೆಯಿಂದ ಏನೂ ಗೊತ್ತಾಗಲ್ಲ. ಕೇಳಬೇಕಾದ್ದು ಆಸ್ಪತ್ರೆಯನ್ನಲ್ಲ, ನಿಮ್ಮ ಟಿಪಿಎಯನ್ನು. ಅಂದರೆ ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ. ಅದರ ನಂಬರ್ ಕಾರ್ಡಿನಲ್ಲೇ ಇರುತ್ತೆ. ಪಾಲಿಸಿ ನಂಬರ್ ಕೊಟ್ಟು ಹೀಗೆ ಕೇಳಿ: ನನ್ನ ಪಾಲಿಸಿಯಲ್ಲಿ ಒಪಿಡಿ, ಅಂದರೆ ಆಸ್ಪತ್ರೆಗೆ ಸೇರದೆ ತೋರಿಸಿಕೊಳ್ಳುವ ಖರ್ಚು, ಇದೆಯಾ? ಇದ್ದರೆ ಕಣ್ಣಿನ ಪರೀಕ್ಷೆ, ಕನ್ನಡಕ ಸೇರಿದೆಯಾ, ಎಷ್ಟರವರೆಗೆ? ಯಾರ ಚೀಟಿ ಬೇಕು? ಪೊರೆ ಆಪರೇಷನ್ನಿಗೆ ಕಾಯುವ ಅವಧಿ ಎಷ್ಟು, ಒಂದು ಕಣ್ಣಿಗೆ ಮಿತಿ ಎಷ್ಟು? ಈ ಆಸ್ಪತ್ರೆಯ ತುಮಕೂರು ಶಾಖೆ ಇವತ್ತಿನ ದಿನ ನಿಮ್ಮ ನೆಟ್‌ವರ್ಕ್‌ನಲ್ಲಿ, ಅಂದರೆ ಕ್ಯಾಶ್‌ಲೆಸ್ ನಡೆಯುವ ಆಸ್ಪತ್ರೆಗಳ ಪಟ್ಟಿಯಲ್ಲಿ, ಇದೆಯಾ? ಶಾಖೆ ಅನ್ನೋದನ್ನು ಒತ್ತಿ ಕೇಳಿ. ಬೆಂಗಳೂರಿನ ಶಾಖೆ ಪಟ್ಟಿಯಲ್ಲಿದ್ದು ತುಮಕೂರಿನದು ಇಲ್ಲದೇ ಇರೋದು ನಾನು ಎಷ್ಟೋ ಸಲ ನೋಡಿದ್ದೇನೆ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಈಗ ನಿಮ್ಮ ವಿಷಯ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಮಾಮೂಲಿ ನಂಬರ್ ಟೆಸ್ಟ್ ಅದರಲ್ಲಿ ಬರಲ್ಲ. ಒಪಿಡಿ ಅಂತ ಬೇರೆ ಸೇರಿಸಿಕೊಂಡಿದ್ದರೆ ಮಾತ್ರ ಬರಬಹುದು. ನೀವು ನೋಡಿದ ಬೋರ್ಡಿನ ಅರ್ಥ ಅಷ್ಟೇ, ಜಿಎಸ್‌ಟಿ ಬಿಲ್ ಕೊಡ್ತಾರೆ. ಅದನ್ನು ಜಿಎಸ್‌ಟಿ ನೋಂದಣಿ ಇರುವ ಯಾವ ಅಂಗಡಿಯಾದರೂ ಕೊಡಲೇಬೇಕು.

ಕ್ಯಾತ್ಸಂದ್ರ_ತಟ್ಟೆಇಡ್ಲಿ
ಕನ್ನಡಕ ಬಿಡೋಕೆ ಮಾಡಿಸುವ ಲೇಸಿಕ್ ಲೇಸರ್ ಆಪರೇಷನ್ ಬರುತ್ತಾ ಮೇಡಂ? ನನ್ನದು ಮೈನಸ್ 5.

ಡೆಸ್ಕ್_ಮೇಡಂ
ಇಲ್ಲ. 7.5 ಡಯಾಪ್ಟರ್‌ಗಿಂತ ಕಡಿಮೆ ಇರುವ ನಂಬರ್ ತೆಗೆಸುವ ಖರ್ಚು ಹೊರಗೆ ಅಂತ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಮಾಡಿದ ಪ್ರಮಾಣಿತ ಷರತ್ತೇ ಇದೆ. ಎಲ್ಲ ಕಂಪನಿಯದ್ದೂ ಹೆಚ್ಚುಕಮ್ಮಿ ಒಂದೇ ಸಾಲು. "ಸರ್, ನಾವು ಅಡ್ಜಸ್ಟ್ ಮಾಡಿ 8 ಬರೆದುಕೊಡ್ತೀವಿ" ಅಂತ ಯಾರಾದರೂ ಹೇಳಿದರೆ ಓಡಿ. ಸಿಕ್ಕಿಬಿದ್ದರೆ ಇಡೀ ಪಾಲಿಸಿ ರದ್ದಾಗಬಹುದು.

ಬಟವಾಡಿ_ಬ್ರೋ
ಹಾಗಾದ್ರೆ ಪ್ರೀಮಿಯಂ ಕಟ್ಟೋದು ಯಾಕೆ? ಕಣ್ಣಿಗೂ ಇಲ್ಲ, ಹಲ್ಲಿಗೂ ಇಲ್ಲ.

ನಿವೃತ್ತ_ಮೇಷ್ಟ್ರು
ಪ್ರೀಮಿಯಂ ಕಟ್ಟೋದು ದೊಡ್ಡ ಖರ್ಚಿಗೆ ಕಣಪ್ಪ. ಎರಡು ಸಾವಿರದ ಕನ್ನಡಕಕ್ಕಲ್ಲ. ಸೈಕಲ್ ಪಂಕ್ಚರ್‌ಗೆ ಯಾರಾದರೂ ವಿಮೆ ಮಾಡಿಸ್ತಾರಾ?

ಆದರೆ ಪೊರೆ ಆಪರೇಷನ್ ವಿಷಯದಲ್ಲಿ ನನ್ನದೊಂದು ಅನುಭವ ಹೇಳ್ತೀನಿ. ನಮ್ಮ ಮನೆಯವರಿಗೆ ಬಲಗಣ್ಣಿನ ಪೊರೆ ತೆಗೆಸಿದೆವು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬಂದರು. ಕ್ಯಾಶ್‌ಲೆಸ್ ಸಿಗಲಿಲ್ಲ, ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಹಾಕಿದೆ. ವಿಮಾ ಕಂಪನಿಯಿಂದ ಪತ್ರ ಬಂತು, "24 ಗಂಟೆ ದಾಖಲಾಗಿಲ್ಲ, ತಿರಸ್ಕರಿಸಲಾಗಿದೆ" ಅಂತ. ಪಾಲಿಸಿ ಪುಸ್ತಕ ತೆಗೆದು ಓದಿದೆ. ಡೇ ಕೇರ್ ಚಿಕಿತ್ಸೆ ಅಂತ ಬೇರೆ ಅಧ್ಯಾಯವೇ ಇದೆ. ಪೊರೆ ಆಪರೇಷನ್ನಿಗೆ 24 ಗಂಟೆ ನಿಯಮವೇ ಇಲ್ಲ. ಆ ಪುಟದ ಜೆರಾಕ್ಸ್ ಹಚ್ಚಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಐಆರ್‌ಡಿಎಐನವರ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಿದೆ. ದುಡ್ಡು ಬಂತು.

ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆ ದೂರು ತೀರ್ಮಾನಿಸುವವರ, ಕಚೇರಿ ಇದೆ. ಫೀಸು ಇಲ್ಲ, ವಕೀಲರೂ ಬೇಡ. ಕಂಪನಿಗೆ ಬರೆದು ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಅಲ್ಲಿಗೆ ಹೋಗಬಹುದು. ಒಂದು ವರ್ಷದ ಒಳಗೆ ಹೋಗಬೇಕು.

ಮಧುಗಿರಿ_ಏಕಶಿಲೆ
ಮೇಷ್ಟ್ರೇ, ನೀವು ಪಾಲಿಸಿ ಪುಸ್ತಕ ಓದಿದ್ರಾ! ಕರ್ನಾಟಕದಲ್ಲಿ ಅದನ್ನು ಓದಿದ ಏಕೈಕ ಮನುಷ್ಯ ನೀವೇ ಇರಬೇಕು.

ನಿವೃತ್ತ_ಮೇಷ್ಟ್ರು
ಉತ್ತರ ಪತ್ರಿಕೆ ತಿದ್ದಿ ಅಭ್ಯಾಸ. ಅದಕ್ಕಿಂತ ಕೆಟ್ಟದಾಗಿ ಬರೆದಿರಲಿಲ್ಲ.

ಎಸ್‌ಎಸ್‌ಪುರಂ_ಹೊಸಬ
ಎಲ್ಲರಿಗೂ ಥ್ಯಾಂಕ್ಸ್. ಡೆಸ್ಕ್ ಮೇಡಂ ಹೇಳಿದ ಹಾಗೆ ಟಿಪಿಎಗೆ ಫೋನ್ ಮಾಡಿದೆ. ನನಗೆ ಒಪಿಡಿ ಇಲ್ಲವಂತೆ. ಅಲ್ಲಿಗೆ ನನ್ನ ಕನ್ನಡಕ ನನ್ನ ಜೇಬಿನಿಂದಲೇ. ಅಮ್ಮನ ಪೊರೆಗೆ ಕಾಯುವ ಅವಧಿ ಇಲ್ಲ, ಆದರೆ ಕಣ್ಣಿಗೆ ಇಷ್ಟೇ ಅಂತ ಮಿತಿ ಇದೆ ಅಂದರು. ಮಿತಿ ಎಷ್ಟು ಅಂದರೆ "ಎಚ್‌ಆರ್ ಕೇಳಿ" ಅಂದರು. ಎಚ್‌ಆರ್ "ಟಿಪಿಎ ಕೇಳಿ" ಅಂತಾರೆ. ಇಬ್ಬರೂ ಒಬ್ಬರಿಗೊಬ್ಬರು ನನ್ನನ್ನು ಎಸೀತಿದ್ದಾರೆ.

ಡೆಸ್ಕ್_ಮೇಡಂ
ಇಬ್ಬರಿಗೂ ಒಂದೇ ಇಮೇಲ್ ಹಾಕಿ. ಎಚ್‌ಆರ್ ಎದುರು ಟಿಪಿಎಯವರು ಬೇಗ ಉತ್ತರ ಕೊಡ್ತಾರೆ.

ಕಾಯುವ ಅವಧಿ ಇಲ್ಲ ಅನ್ನೋದು ಗ್ರೂಪ್ ಪಾಲಿಸಿಯ ಲಾಭ. ಸ್ವಂತವಾಗಿ ತಗೊಂಡ ಪಾಲಿಸಿಯಲ್ಲಿ ಪೊರೆಗೆ ಸಾಮಾನ್ಯವಾಗಿ 24 ತಿಂಗಳು ಕಾಯಬೇಕು. ಮಿತಿ ಅಂದರೆ ಹೇಗಿರುತ್ತೆ ಅನ್ನೋಕೆ ಆರೋಗ್ಯ ಸಂಜೀವಿನಿ ಅನ್ನುವ ಪ್ರಮಾಣಿತ ಪಾಲಿಸಿ ನೋಡಿ. ಅದರಲ್ಲಿ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ 25 ಅಥವಾ 40,000 ರೂಪಾಯಿ, ಯಾವುದು ಕಡಿಮೆಯೋ ಅದು. ನಿಮ್ಮದು ಬೇರೆ ಇರಬಹುದು. ಪೊರೆ ತೆಗೆದು ಕಣ್ಣೊಳಗೆ ಕೂರಿಸುವ ಲೆನ್ಸ್ ಆರಿಸುವ ಮೊದಲು ಈ ಸಂಖ್ಯೆ ಕೈಯಲ್ಲಿ ಇರಲಿ. ಕೌನ್ಸೆಲರ್ ಕೂರಿಸಿಕೊಂಡು ಮಲ್ಟಿಫೋಕಲ್, ಟೋರಿಕ್, ಆಮದು ಅಂತ ಒಂದೊಂದೇ ಮೇಲಿನ ಲೆನ್ಸ್ ತೋರಿಸ್ತಾ ಹೋಗ್ತಾರೆ. ಮಿತಿ ದಾಟಿದ್ದೆಲ್ಲ ನಿಮ್ಮ ತಲೆ ಮೇಲೆ.

ಇನ್ನೊಂದು. ಪೊರೆ ಆಪರೇಷನ್ ತುರ್ತು ಅಲ್ಲ. ಅದಕ್ಕೇ ಕ್ಯಾಶ್‌ಲೆಸ್ ಅನುಮತಿಯನ್ನು ಮೊದಲೇ ತಗೊಳ್ಳಿ. 2024ರ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಅರ್ಜಿ ಬಂದ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು, ಡಿಸ್ಚಾರ್ಜ್ ಸಮಯದ ಅಂತಿಮ ಅನುಮತಿ ಮೂರು ಗಂಟೆಯೊಳಗೆ ಕೊಡಬೇಕು. ಇದನ್ನು ಡೆಸ್ಕಿನವರಿಗೆ ನೆನಪಿಸಿ. ಸುಮ್ನೆ ಸಂಜೆವರೆಗೂ ಕೂರಬೇಡಿ.

ಪಾವಗಡ_ಬಿಸಿಲು
ಎಲ್ಲರೂ ಪಾಲಿಸಿ ಬಗ್ಗೆ ಮಾತಾಡ್ತಿದ್ದೀರಿ. ಪಾಲಿಸಿಯೇ ಇಲ್ಲದವರು ಜಾಸ್ತಿ ಇದ್ದಾರೆ ಸ್ವಾಮಿ. ನಮ್ಮ ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದವರ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ಬಡವರಿಗೆ ಪೊರೆ ತೆಗೆದುಕೊಡ್ತಾರೆ. ಆಂಧ್ರದ ಕಡೆಯಿಂದಲೂ ಜನ ಬರ್ತಾರೆ. ನಮ್ಮಜ್ಜಿಗೆ ಅಲ್ಲೇ ಆಗಿದ್ದು. ಈಗ ಅಕ್ಕಿಯಲ್ಲಿ ಕಲ್ಲು ಆರಿಸ್ತಾರೆ, ನಾವು ಬಿಟ್ಟದ್ದನ್ನೂ ಹಿಡೀತಾರೆ.

ಗೌರಿಬಿದನೂರು_ಗೆಳತಿ
ಸರ್ಕಾರದ ಆಶಾಕಿರಣ ಕಾರ್ಯಕ್ರಮವೂ ಇದೆ. ಮೊದಲ ಹಂತದಲ್ಲೇ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಸೇರಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ನೋಡಿದರು. ಆಮೇಲೆ ಕ್ಯಾಂಪ್ ಮಾಡಿ ಕನ್ನಡಕ ಪುಕ್ಕಟೆ ಕೊಟ್ಟರು. ಫ್ರೇಮ್ ಏನೂ ಸ್ಟೈಲ್ ಇಲ್ಲ, ಆದರೆ ನಂಬರ್ ಸರಿ ಇತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಎಲ್ಲಿದೆ ಅಂತ ಒಮ್ಮೆ ವಿಚಾರಿಸಿ. ಅಲ್ಲಿರುವ ನೇತ್ರಾಧಿಕಾರಿ ನಂಬರ್ ತೆಗೆಯೋದು ಎಷ್ಟೋ ಅಂಗಡಿಗಿಂತ ಚೆನ್ನಾಗಿರುತ್ತೆ.

ಬಟವಾಡಿ_ಬ್ರೋ
ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿದರೆ ಮಧ್ಯಾಹ್ನ ಊಟಕ್ಕೆ ಎದ್ದು ಹೋಗಿರ್ತಾರೆ.

ಗೌರಿಬಿದನೂರು_ಗೆಳತಿ
ನೀವು ಯಾವತ್ತು ಹೋಗಿದ್ರಿ? ಅಥವಾ ಕೇಳಿದ್ದಾ?

ಬಟವಾಡಿ_ಬ್ರೋ
ಕೇಳಿದ್ದು 😄

ಕೆಜಿಎಫ್_ಹಳಬ
ನಮ್ಮ ಕೋಲಾರದ ಕಡೆ ಜನಕ್ಕೆ ದೊಡ್ಡ ಗೊಂದಲ ಬಿಪಿಎಲ್ ಕಾರ್ಡಿನದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ. ಆದರೆ ಕಾರ್ಡ್ ಹಿಡಿದುಕೊಂಡು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ವಾಪಸ್ ಕಳಿಸ್ತಾರೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗಲ್ಲ ಅಂದರೆ ಅವರೇ ರೆಫರಲ್ ಕೊಡ್ತಾರೆ. ನಮ್ಮ ಪಕ್ಕದ ಮನೆಯವರು ರೆಫರಲ್ ಇಲ್ಲದೆ ಬೆಂಗಳೂರಿಗೆ ಹೋಗಿ, ಸಾಲ ಮಾಡಿ ಆಪರೇಷನ್ ಮಾಡಿಸಿಕೊಂಡು ಬಂದರು. ಆಮೇಲೆ ಚೀಟಿ ತಂದರೆ ನಡೆಯಲ್ಲ.

ತಿಪಟೂರು_ಕೊಬ್ಬರಿ
ಡೈರಿಗೆ ಹಾಲು ಹಾಕುವವರು ಸಹಕಾರ ಸಂಘದವರ ಆರೋಗ್ಯ ಯೋಜನೆ ಯಶಸ್ವಿನಿ ಮರೀಬೇಡಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಸಾಕು. ಆದರೆ ನೋಂದಣಿಗೆ ಗಡುವು ಇರುತ್ತೆ. ಕಾಯಿಲೆ ಬಂದ ಮೇಲೆ ಸೊಸೈಟಿ ಸೆಕ್ರೆಟರಿ ಮನೆ ಬಾಗಿಲು ತಟ್ಟಿದರೆ ಪ್ರಯೋಜನ ಇಲ್ಲ. ಮತ್ತೆ ಅದು ಆಪರೇಷನ್ನಿಗೆ, ಕನ್ನಡಕಕ್ಕಲ್ಲ.

ಅಂತರಸನಹಳ್ಳಿ_ಶಿಫ್ಟ್
ಫ್ಯಾಕ್ಟರಿ ಜನಕ್ಕೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯಲ್ಲ, ಅದನ್ನು ಯಾರೂ ಹೇಳಲಿಲ್ಲ. ಸಂಬಳ ತಿಂಗಳಿಗೆ 21,000 ಒಳಗಿದ್ದರೆ 0.75 ಪರ್ಸೆಂಟ್ ಹಿಡೀತಾರೆ. ನಮ್ಮ ದುಡ್ಡು, ಬಳಸಿ. ಕೆಲಸಕ್ಕೆ ಸೇರಿದ ದಿನದಿಂದಲೇ ಚಿಕಿತ್ಸೆ ಸಿಗುತ್ತೆ, ನಮ್ಮನ್ನೇ ನಂಬಿಕೊಂಡ ಅಪ್ಪ ಅಮ್ಮನಿಗೂ ಸಿಗುತ್ತೆ. ಡಿಸ್ಪೆನ್ಸರಿಗೆ ಹೋಗಿ ಬರೆಸಿಕೊಂಡರೆ ಪೀಣ್ಯ ಅಥವಾ ರಾಜಾಜಿನಗರ ಇಎಸ್‌ಐ ಆಸ್ಪತ್ರೆಗೆ ಕಳಿಸ್ತಾರೆ. ಒಂದು ರಜೆ ಹೋಗುತ್ತೆ ಅಷ್ಟೇ. ಇನ್ಕ್ರಿಮೆಂಟ್ ಆಗಿ 21,000 ದಾಟಿದರೂ ತಕ್ಷಣ ನಿಲ್ಲಲ್ಲ. ಆ ಆರು ತಿಂಗಳ ಕಂತು ಮುಗಿಯೋವರೆಗೂ ಇರುತ್ತೆ.

ಮಧುಗಿರಿ_ಏಕಶಿಲೆ
ಬೆಂಗಳೂರಿಗೆ ಹೋಗಲೇಬೇಕು ಅಂದರೆ ಸರ್ಕಾರಿ ಕಣ್ಣಿನ ಆಸ್ಪತ್ರೆ ಮಿಂಟೋ ಇದೆ. 1896ರಲ್ಲಿ ಶುರುವಾದ ಆಸ್ಪತ್ರೆ. ತುಮಕೂರು ಬಸ್ಸಲ್ಲಿ ಮಾದಾವರದ ಹತ್ತಿರ ಇಳಿದು ಹಸಿರು ಮೆಟ್ರೊ ಹತ್ತಿದರೆ ಕೆ.ಆರ್. ಮಾರ್ಕೆಟ್ ಸ್ಟೇಷನ್. ಅಲ್ಲಿಂದ ನಡೆಯುವ ದೂರ. ಮೊದಲಿನ ಹಾಗೆ ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸಾಯಬೇಕಿಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ
ಬೆಳಿಗ್ಗೆ ಹೋಗೋರು ಕ್ಯಾತ್ಸಂದ್ರದಲ್ಲಿ ತಿಂಡಿ ಮುಗಿಸಿಕೊಂಡು ಹೋಗಿ. ಮಿಂಟೋದಲ್ಲಿ ಕ್ಯೂ ಉದ್ದ ಇರುತ್ತೆ.

ಶಿರಾಗೇಟ್_ಶಿಲ್ಪ
ಇಡ್ಲಿ ಅಂಗಡೀಲೂ ಕ್ಯೂ ಉದ್ದವೇ ಇರುತ್ತೆ 🙂

ಹೊಸಬರೇ, ನೀವು ದಿನವಿಡೀ ಸ್ಕ್ರೀನ್ ಅಂದ್ರಲ್ಲ. ಅಂಗಡಿಗೆ ಹೋದ ತಕ್ಷಣ ಸ್ಕ್ರೀನಿನ ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗ್ಲಾಸ್ ಹಾಕಿಸಿ ಅಂತ ಬೆನ್ನು ಹತ್ತುತ್ತಾರೆ. ನನಗೂ ಹಾಕಿದ್ದರು. ತಲೆನೋವು ಹಾಗೇ ಇತ್ತು, ಬಿಳಿ ಗೋಡೆ ಮಾತ್ರ ಹಳದಿ ಕಾಣೋಕೆ ಶುರುವಾಯ್ತು.

ಬಟವಾಡಿ_ಬ್ರೋ
ನನಗೆ ಬ್ಲೂ ಕಟ್ ಹಾಕಿದ ಮೇಲೆ ಆರಾಮ ಆಯ್ತು. ಎಲ್ಲರಿಗೂ ಒಂದೇ ಥರ ಇರಲ್ಲ.

ಗುಬ್ಬಿ_ಆಪ್ಟಮ್
ಹೊಸ ಗ್ಲಾಸಿನಲ್ಲಿ ನಂಬರ್ ಕೂಡ ಬದಲಾಗಿತ್ತಾ ಬ್ರೋ? ಹಾಗಿದ್ದರೆ ಆರಾಮ ನಂಬರಿನಿಂದ ಬಂದಿರೋದು. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ಪರಿಶೀಲಿಸುವ ಕೋಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಸೇರಿಸಿ ನೋಡಿದರು. ಕಂಪ್ಯೂಟರ್‌ನಿಂದ ಬರುವ ಕಣ್ಣಿನ ಆಯಾಸಕ್ಕೆ ಬ್ಲೂ ಕಟ್ ಗ್ಲಾಸಿನಿಂದ ಸದ್ಯದ ಮಟ್ಟಿಗೆ ಲಾಭ ಕಾಣಲಿಲ್ಲ ಅಂತ ಹೇಳಿದರು. ಸ್ಕ್ರೀನ್ ನೋಡುವಾಗ ರೆಪ್ಪೆ ಮಿಟುಕಿಸೋದು ಕಡಿಮೆ ಆಗುತ್ತೆ, ಕಣ್ಣು ಒಣಗುತ್ತೆ, ಉರಿ ಬರುತ್ತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿ ಆಚೆ ದೂರ ನೋಡಿ. ಕೂಲರ್, ಎಸಿ ಗಾಳಿ ನೇರ ಮುಖಕ್ಕೆ ಬೇಡ. ದುಡ್ಡು ಉಳಿದರೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್‌ಗೆ ಹಾಕಿ. ರಾತ್ರಿ ಗಾಡಿ ಓಡಿಸುವವರಿಗೆ ಅದು ನಿಜವಾಗಿ ಉಪಯೋಗ.

ಲೈಟ್ ಚೆದುರೋದಕ್ಕೆ ಸಿಲಿಂಡರ್ ನಂಬರ್, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಥರ ಇಲ್ಲದ್ದಕ್ಕೆ ಕೊಡುವ ನಂಬರ್, ಕಾರಣ ಇರಬಹುದು. ಚೀಟಿಯಲ್ಲಿ ಸಿಲಿಂಡರ್ ಬರೆದಿದ್ದರೆ ಪಕ್ಕದಲ್ಲಿ ಆಕ್ಸಿಸ್ ಅಂತ ಒಂದು ಸಂಖ್ಯೆ ಇರಲೇಬೇಕು, 180ರ ಒಳಗೆ. ಅದು ಇಲ್ಲದ ಚೀಟಿ ಅರ್ಧ ಚೀಟಿ.

ಅಮ್ಮನ ವಿಷಯ ಇನ್ನೊಂದು. ಶುಗರ್ ಏರಿಳಿತ ಇದ್ದಾಗ ಕಣ್ಣಿನ ನಂಬರೂ ಏರಿಳಿಯುತ್ತೆ. ಶುಗರ್ ಹಿಡಿತಕ್ಕೆ ಬಂದ ಮೇಲೆ ಕನ್ನಡಕ ಮಾಡಿಸಿ. ಇಲ್ಲದಿದ್ದರೆ ಹೊಸ ಗ್ಲಾಸ್ ಸ್ವಲ್ಪ ದಿನಕ್ಕೇ ಹೊಂದಲ್ಲ. ರೆಟಿನಾ ಪರೀಕ್ಷೆಗೆ ಮಾತ್ರ ಕಾಯಬೇಡಿ, ಅದು ವರ್ಷಕ್ಕೊಮ್ಮೆ ಆಗಲೇಬೇಕು, ಕಣ್ಣು ಚೆನ್ನಾಗಿ ಕಾಣ್ತಿದ್ದರೂ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಸುಕಾಗಿರುತ್ತೆ, ಬಿಸಿಲು ಚುಚ್ಚುತ್ತೆ. ಸ್ಕೂಟರ್ ಬೇಡ, ಆಟೊದಲ್ಲಿ ಕರೆದುಕೊಂಡು ಬನ್ನಿ.

ಡೆಸ್ಕ್_ಮೇಡಂ
ಇದಕ್ಕೆ ಒಂದು ಸೇರಿಸ್ತೀನಿ. ಶುಗರ್‌ನಿಂದ ರೆಟಿನಾ ಊದಿಕೊಂಡರೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡ್ತಾರೆ, ದುಬಾರಿ. ಮೊದಲೆಲ್ಲ "ಇದು ಒಪಿಡಿ, ಕೊಡಲ್ಲ" ಅಂತ ಕಂಪನಿಗಳು ತಳ್ಳಿಹಾಕುತ್ತಿದ್ದವು. 2019ರಲ್ಲಿ ಐಆರ್‌ಡಿಎಐ ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿ, ಇವನ್ನು ಹೊರಗಿಡುವ ಹಾಗಿಲ್ಲ ಅಂತು. ಈ ಇಂಜೆಕ್ಷನ್ ಅದರಲ್ಲಿದೆ. ಮಿತಿ ಹಾಕಬಹುದು, ಪೂರ್ತಿ ಇಲ್ಲ ಅನ್ನೋ ಹಾಗಿಲ್ಲ. ಟಿಪಿಎಗೆ ಇಮೇಲ್ ಹಾಕುವಾಗ ಇದನ್ನೂ ಕೇಳಿ.

ಮಧುಗಿರಿ_ಏಕಶಿಲೆ
ಇಷ್ಟೆಲ್ಲ ಆದ ಮೇಲೂ ಯಾರೂ ಒಂದು ಒಳ್ಳೆ ಅಂಗಡಿ ಹೆಸರು ಹೇಳಲಿಲ್ಲ ನೋಡಿ. ಇದೇ ನಮ್ಮ ತುಮಕೂರು.

ಶಿರಾಗೇಟ್_ಶಿಲ್ಪ
ಹೆಸರು ಹೇಳಿದರೆ ನಾಳೆ "ನೀವು ಅವರ ಏಜೆಂಟಾ?" ಅಂತೀರಿ. ನಾನು ಹೀಗೆ ಹುಡುಕಿದೆ: ನಮ್ಮ ಕಣ್ಣಿನ ಡಾಕ್ಟರ್ ಹತ್ತಿರ ಕೆಲಸ ಮಾಡುವ ನರ್ಸನ್ನು "ನೀವು ನಿಮ್ಮ ಕನ್ನಡಕ ಎಲ್ಲಿ ಮಾಡಿಸಿದ್ದು?" ಅಂತ ಕೇಳಿದೆ. ಡಾಕ್ಟರ್ ಹೇಳಿದ ಅಂಗಡಿ ಬೇರೆ, ನರ್ಸ್ ಹೋಗುವ ಅಂಗಡಿ ಬೇರೆ ಇತ್ತು. ನಾನು ನರ್ಸ್ ಹಿಂದೆ ಹೋದೆ.

ನಿವೃತ್ತ_ಮೇಷ್ಟ್ರು
ಇದು ಬುದ್ಧಿವಂತಿಕೆ.

ಕ್ಯಾತ್ಸಂದ್ರ_ತಟ್ಟೆಇಡ್ಲಿ
ಬಿಲ್ ಇಲ್ಲದೆ ತಗೊಂಡರೆ ಕಡಿಮೆ ಮಾಡ್ತೀನಿ ಅಂತಾರಲ್ಲ, ಅದು ಸರೀನಾ?

ಡೆಸ್ಕ್_ಮೇಡಂ
ಒಪಿಡಿ ಕ್ಲೇಮ್ ಇದ್ದವರಿಗೆ ಬಿಲ್ ಇಲ್ಲ ಅಂದರೆ ದುಡ್ಡೂ ಇಲ್ಲ. ಗ್ಲಾಸ್ ಗೀರು ಬಿದ್ದಾಗ ವಾರಂಟಿ ಕೇಳೋಕೂ ಆಗಲ್ಲ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ನಂಬರ್ ಕನ್ನಡಕಕ್ಕೆ ಜಿಎಸ್‌ಟಿ 5 ಪರ್ಸೆಂಟ್‌ಗೆ ಇಳಿದಿದೆ. ಅಷ್ಟಕ್ಕೆ ಬಿಲ್ ಬಿಡ್ತೀರಾ? ಚೀಟಿ, ಬಿಲ್ ಎರಡರಲ್ಲೂ ರೋಗಿಯ ಹೆಸರು ಪಾಲಿಸಿಯಲ್ಲಿ ಇರುವ ಹಾಗೇ ಇರಲಿ. "ಲಕ್ಷ್ಮಮ್ಮ" ಅಂತ ಪಾಲಿಸಿಯಲ್ಲಿದ್ದು "ಲಕ್ಷ್ಮೀದೇವಿ" ಅಂತ ಬಿಲ್ ಇದ್ದರೆ ವಾಪಸ್ ಬರುತ್ತೆ. ನಾನೇ ಎಷ್ಟು ವಾಪಸ್ ಕಳಿಸಿದ್ದೀನಿ.

ಬಟವಾಡಿ_ಬ್ರೋ
ನಾನು ಆನ್‌ಲೈನಲ್ಲಿ ತರಿಸೋನು. ಚೀಟಿಯಲ್ಲಿ ಪಿಡಿ ಬರೆದಿಲ್ಲ, ಸೈಟ್ ಕೇಳ್ತಿದೆ. 65 ಅಂತ ಹಾಕಿಬಿಡ್ಲಾ?

ಗುಬ್ಬಿ_ಆಪ್ಟಮ್
ಬೇಡ. ಪಿಡಿ ಅಂದರೆ ಎರಡು ಪಾಪೆ ನಡುವಿನ ಅಂತರ. ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74 ಮಿಲಿಮೀಟರ್ ನಡುವೆ ಎಲ್ಲಾದರೂ ಇರುತ್ತೆ. ಅಂದಾಜಿಗೆ ಹಾಕಿದರೆ ಗ್ಲಾಸಿನ ಮಧ್ಯಭಾಗ ನಿಮ್ಮ ಪಾಪೆ ಎದುರು ಬರಲ್ಲ. ನಂಬರ್ ಜಾಸ್ತಿ ಇದ್ದಷ್ಟೂ ತೊಂದರೆ ಜಾಸ್ತಿ. ಪರೀಕ್ಷೆ ಮಾಡಿದವರ ಹತ್ತಿರ ವಾಪಸ್ ಹೋಗಿ ಬರೆಸಿಕೊಳ್ಳಿ. ನಿಮ್ಮದು ಸಿಂಗಲ್ ನಂಬರ್ ತಾನೆ? ದೂರಕ್ಕೂ ಹತ್ತಿರಕ್ಕೂ ಒಂದೇ ಗ್ಲಾಸಿನಲ್ಲಿ ನಂಬರ್ ಇರುವ ಪ್ರೋಗ್ರೆಸಿವ್ ಆಗಿದ್ದರೆ ಆನ್‌ಲೈನ್ ಬೇಡವೇ ಬೇಡ. ಫ್ರೇಮ್ ಮುಖದ ಮೇಲೆ ಇಟ್ಟು ಎತ್ತರ ಗುರುತು ಮಾಡಬೇಕು.

ಬಟವಾಡಿ_ಬ್ರೋ
ಸಿಂಗಲ್ಲೇ. ಆದರೆ ಟೆಸ್ಟ್ ಫ್ರೀ ಮಾಡಿಸಿಕೊಂಡು ಬಂದವನು, ಈಗ ಯಾವ ಮುಖ ಇಟ್ಟುಕೊಂಡು ಪಿಡಿ ಕೇಳಲಿ?

ಶಿರಾಗೇಟ್_ಶಿಲ್ಪ
ನೂರು ರೂಪಾಯಿ ಕೊಟ್ಟು ಕೇಳಿ.

ಅಂತರಸನಹಳ್ಳಿ_ಶಿಫ್ಟ್
ಭಾನುವಾರ ಸಂಜೆ ಹೋಗಬೇಡಿ, ಎಂ.ಜಿ. ರಸ್ತೆಯಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ. ಟೌನ್‌ಹಾಲ್ ಕಡೆ ನಿಲ್ಲಿಸಿ ನಡೆದುಬಿಡಿ.